ಗಣಿತ, ವಿಜ್ಞಾನ ಬೋಧನೆ ಸುಧಾರಿಸುವ ಕಾರ್ಯಕ್ರಮಗಳ ಫಲ ನೋಡುವುದು ಹೇಗೆ? ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನ ಸರ್ಕಾರಿ ಶಾಲೆಗಳಿಗೆ ಗಣಿತ, ವಿಜ್ಞಾನದ ಹೆಸರಿನಲ್ಲಿ ಏನಾದರೊಂದು ಬರುತ್ತಲೇ ಇರುತ್ತದೆ. ಇಲಾಖೆಯ ಕಿಟ್, ಸಂಸ್ಥೆಗಳ ತರಬೇತಿ, ತೋಟದ ಮಾಲೀಕರು ಕೊಡಿಸಿದ ಸ್ಮಾರ್ಟ್ ಟಿವಿ, ಹಳೆ ವಿದ್ಯಾರ್ಥಿಗಳು ಕಟ್ಟಿಸಿದ ಲ್ಯಾಬ್. ಬಂದದ್ದರಿಂದ ಮಕ್ಕಳಿಗೆ ಏನಾಯಿತು ಎಂದು ನೋಡುವವರು ಕಡಿಮೆ. ಆ ಕೆಲಸಕ್ಕೆ ಕೈ ಹಾಕಿದಾಗ ಶಿಕ್ಷಕರು, ಎಸ್‌ಡಿಎಂಸಿ (ಶಾಲಾಭಿವೃದ್ಧಿ ಸಮಿತಿ) ಸದಸ್ಯರು, ದಾನಿಗಳು, ಸಣ್ಣ ಸಂಸ್ಥೆಗಳವರು ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ.

ಮಕ್ಕಳಿಗೆ ವರ್ಷವಿಡೀ ಪರೀಕ್ಷೆ ಇದ್ದೇ ಇದೆ. ಮತ್ತೆ ಇದೇನು ಹೊಸದು?

ಎಫ್‌ಎ, ಎಸ್‌ಎ ಪರೀಕ್ಷೆಗಳು (ವರ್ಷದ ನಡುವಿನ ಕಿರುಪರೀಕ್ಷೆ, ಅವಧಿಯ ಕೊನೆಯ ಪರೀಕ್ಷೆ) ಮಗುವಿಗೆ ಅಂಕ ಹಾಕುತ್ತವೆ. ಇಲ್ಲಿ ಅಂಕ ಬೀಳುವುದು ಕಾರ್ಯಕ್ರಮಕ್ಕೆ. ಈ ತರಬೇತಿ, ಈ ಕಿಟ್ ಬಾರದೇ ಇದ್ದಿದ್ದರೆ ಇದೇ ಮಕ್ಕಳು ಈಗ ಎಲ್ಲಿರುತ್ತಿದ್ದರು? ಅದಕ್ಕಿಂತ ಎಷ್ಟು ಮುಂದಿದ್ದಾರೆ? ಕೇಳಬೇಕಾದದ್ದು ಇಷ್ಟೇ. ಆದರೆ "ಬಾರದೇ ಇದ್ದಿದ್ದರೆ" ಎನ್ನುವುದನ್ನು ಯಾರೂ ಕಣ್ಣಾರೆ ನೋಡಲು ಆಗುವುದಿಲ್ಲ. ಮುಂದೆ ಹೇಳುವ ತಲೆನೋವುಗಳೆಲ್ಲ ಅಲ್ಲಿಂದಲೇ ಶುರು.

ಕಿಟ್ ಎಲ್ಲ ಶಾಲೆಗೂ ಮುಟ್ಟಿದೆ. ತರಬೇತಿಗೆ ಎಲ್ಲರೂ ಬಂದಿದ್ದರು. ಫೀಡ್‌ಬ್ಯಾಕ್ ಫಾರಂನಲ್ಲಿ "ತುಂಬಾ ಉಪಯುಕ್ತ" ಎಂದು ಬರೆದಿದ್ದಾರೆ. ಸಾಲದಾ?

ಸಾಲದು. ಫೀಡ್‌ಬ್ಯಾಕ್ ಫಾರಂ ಬಗ್ಗೆ ನನಗೆ ಗೌರವ ಕಡಿಮೆ. ತರಬೇತಿ ಮುಗಿದ ಸಂಜೆ, ಬಸ್ಸಿನ ಹೊತ್ತಾಗಿರುವಾಗ, ಎದುರಿಗೆ ಸಂಪನ್ಮೂಲ ವ್ಯಕ್ತಿ ನಿಂತಿರುವಾಗ ಯಾರಾದರೂ ಒಳ್ಳೆಯದನ್ನೇ ಬರೆಯುತ್ತಾರೆ.

ಕಿಟ್ಟು ಮಗುವಿನ ತಲೆಗೆ ಇಳಿಯುವ ದಾರಿ ಉದ್ದ. ಅದು ಶಾಲೆಗೆ ಬರಬೇಕು, ಯಾರಾದರೂ ಬಿಚ್ಚಬೇಕು, ಟೀಚರ್‌ಗೆ ಬಳಸಲು ಬರಬೇಕು, ಮಕ್ಕಳ ಕೈಗೆ ಸಿಗಬೇಕು, ಕೊನೆಗೆ ಕೈಯಲ್ಲಿ ಆಡಿದ್ದಕ್ಕೂ ಪುಸ್ತಕದ ಲೆಕ್ಕಕ್ಕೂ ನಂಟು ಕೂಡಬೇಕು. ಗಣಿತ ಕಲಿಕಾ ಆಂದೋಲನದ ಪೆಟ್ಟಿಗೆ ನಮ್ಮ ಶಾಲೆಗಳಲ್ಲಿ 4 ಮತ್ತು 5ನೇ ತರಗತಿಯ ಟೀಚರುಗಳಿಗೆಲ್ಲ ಗೊತ್ತು. ಅಬ್ಯಾಕಸ್, ಭಿನ್ನರಾಶಿಯ ತುಂಡುಗಳು, ಗಡಿಯಾರ, ಆಟದ ನೋಟುಗಳು. ಶಾಲೆಗೆ ಹೋದಾಗ ನಾನು ಮೊದಲು ನೋಡುವುದು ಆ ಪೆಟ್ಟಿಗೆಯನ್ನೇ. ಅಂಚು ಸವೆದು, ಮಣಿ ಒಂದೆರಡು ಕಳೆದುಹೋಗಿ, ನೋಟುಗಳು ಮುದುಡಿ ಹೋಗಿದ್ದರೆ ಸಂತೋಷ. ಬೀರುವಿನಲ್ಲಿ ಪ್ಲಾಸ್ಟಿಕ್ ಕವರ್ ಸಮೇತ ಕೂತು, ಆಗಸ್ಟ್‌ನ ತೇವಕ್ಕೆ ಬೂಸ್ಟು ಹಿಡಿದಿದ್ದರೆ ಮುಂದಿನ ಪ್ರಶ್ನೆಗಳನ್ನು ಕೇಳಿ ಪ್ರಯೋಜನವಿಲ್ಲ. ಎಷ್ಟೋ ಕಡೆ ಇದಕ್ಕೆ ಕಾರಣ ಸೋಮಾರಿತನ ಅಲ್ಲ. ಕಿಟ್ಟು ದಾಸ್ತಾನು ಪುಸ್ತಕಕ್ಕೆ ಏರಿರುತ್ತದೆ, ಒಂದು ತುಂಡು ಕಳೆದರೂ ತಾನೇ ಉತ್ತರ ಕೊಡಬೇಕು ಎಂಬ ಭಯ. ಕಿಟ್ ಕೊಡುವವರು "ಸವೆದರೆ, ಕಳೆದರೆ ಚಿಂತೆಯಿಲ್ಲ" ಎಂದು ಪತ್ರದಲ್ಲೇ ಬರೆದುಕೊಟ್ಟರೆ ಅರ್ಧ ಬೀರುಗಳು ತೆರೆದುಕೊಳ್ಳುತ್ತವೆ.

ಟೀಚರ್ ಪಾಠ ಮಾಡುವ ರೀತಿ ಬದಲಾದರೂ ಮಕ್ಕಳ ಕಲಿಕೆ ಬದಲಾಗದೇ ಇರಬಹುದು. ಆಗಿನ ಅವಿಭಜಿತ ಆಂಧ್ರಪ್ರದೇಶದ ಹಳ್ಳಿ ಶಾಲೆಗಳಲ್ಲಿ ಕಾರ್ತಿಕ್ ಮುರಳೀಧರನ್ ಮತ್ತು ವೆಂಕಟೇಶ್ ಸುಂದರರಾಮನ್ ಮಾಡಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಮಕ್ಕಳಿಗೆ ಪರೀಕ್ಷೆ ಮಾಡಿ, ಯಾರು ಎಲ್ಲಿ ಹಿಂದಿದ್ದಾರೆ ಎಂಬ ವಿವರವಾದ ವರದಿಯನ್ನು ಶಿಕ್ಷಕರ ಕೈಗೆ ಕೊಟ್ಟಿದ್ದರು. ತರಗತಿ ನೋಡಲು ಹೋದಾಗ ಈ ಶಿಕ್ಷಕರು ಬೇರೆಯವರಿಗಿಂತ ಚುರುಕಾಗಿ ಪಾಠ ಮಾಡುತ್ತಿದ್ದುದು ಕಂಡಿತು. ವರ್ಷದ ಕೊನೆಗೆ ಮಕ್ಕಳ ಅಂಕಗಳಲ್ಲಿ ವ್ಯತ್ಯಾಸವೇ ಇರಲಿಲ್ಲ. ಬರೀ ತರಗತಿ ನೋಡಿ ವರದಿ ಬರೆದಿದ್ದರೆ ಕಾರ್ಯಕ್ರಮ ಗೆದ್ದಿದೆ ಎಂದೇ ಆಗುತ್ತಿತ್ತು.

ನಮ್ಮ ಹೈಸ್ಕೂಲಿನ ಎಸ್‌ಎಸ್‌ಎಲ್‌ಸಿ ಫಲಿತಾಂಶ ಏರಿದೆ. ಇದಕ್ಕಿಂತ ಸಾಕ್ಷಿ ಬೇಕಾ?

ಎಸ್‌ಎಸ್‌ಎಲ್‌ಸಿ ಫಲಿತಾಂಶ ಪಾಠದ ಗುಣಕ್ಕಷ್ಟೇ ಏರಿಳಿಯುವುದಿಲ್ಲ. 2023ರಲ್ಲಿ ರಾಜ್ಯದ ಫಲಿತಾಂಶ 83.89 ಶೇಕಡಾ ಇತ್ತು. 2024ರಲ್ಲಿ 73.40 ಆಯಿತು, ಅದೂ ಕೃಪಾಂಕ ಜಾಸ್ತಿ ಮಾಡಿದ ಮೇಲೆ. ಆ ವರ್ಷ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾದಲ್ಲಿ ನೇರ ನಿಗಾ) ಬಂದಿತ್ತು. ಒಂದೇ ವರ್ಷದಲ್ಲಿ ರಾಜ್ಯದ ಮೇಷ್ಟ್ರುಗಳೆಲ್ಲ ಪಾಠ ಮರೆತುಬಿಟ್ಟರು ಎಂದು ಯಾರೂ ಹೇಳುವುದಿಲ್ಲ ಅಲ್ವಾ? ಹಾಗಿದ್ದ ಮೇಲೆ ಏರಿದಾಗಲೂ ಅದೇ ಎಚ್ಚರ ಬೇಕು. ಜಿಲ್ಲೆಗೆ ಎಷ್ಟನೇ ಸ್ಥಾನ ಬಂತು ಎನ್ನುವುದು ಇನ್ನೂ ದುರ್ಬಲ. ಪಕ್ಕದ ಜಿಲ್ಲೆಗಳು ಇಳಿದರೂ ನಿಮ್ಮ ಸ್ಥಾನ ಮೇಲೇರುತ್ತದೆ.

6ನೇ ತರಗತಿಯ ಭಿನ್ನರಾಶಿ ತರಬೇತಿಯ ಫಲವನ್ನು ಅದೇ ವರ್ಷದ 10ನೇ ತರಗತಿ ಫಲಿತಾಂಶದಲ್ಲಿ ಹುಡುಕುವವರನ್ನೂ ನೋಡಿದ್ದೇನೆ. ಆ ಮಕ್ಕಳೇ ಬೇರೆ, ಈ ಮಕ್ಕಳೇ ಬೇರೆ.

ಹಾಗಾದರೆ ದೇಶದ ಮಟ್ಟದ ಕಲಿಕಾ ಸಮೀಕ್ಷೆಗಳಾದ ಅಸರ್, ನ್ಯಾಸ್ ವರದಿಯಲ್ಲಿ ಕೊಡಗಿನ ಅಂಕಿ ಇರುತ್ತದಲ್ಲ, ಅದನ್ನೇ ಬಳಸಬಹುದಾ?

ಜಿಲ್ಲೆ ಒಟ್ಟಾರೆ ಎಲ್ಲಿದೆ ಎಂದು ತಿಳಿಯಲು ಬಳಸಬಹುದು. ನಿಮ್ಮ ಹತ್ತಾರು ಶಾಲೆಗಳ ಕಾರ್ಯಕ್ರಮಕ್ಕೆ ತೀರ್ಪು ಕೊಡಲು ಆಗದು. ನ್ಯಾಸ್ 2017ರ ನವೆಂಬರ್ 13ರಂದು 3, 5, 8ನೇ ತರಗತಿಗಳಿಗೆ ನಡೆಯಿತು. 2021ರ ನವೆಂಬರ್ 12ರಂದು ಮತ್ತೆ ನಡೆದಾಗ ಶಾಲೆಗಳು ಕೋವಿಡ್ ಮುಚ್ಚುವಿಕೆಯಿಂದ ಇನ್ನೂ ಎದ್ದಿರಲಿಲ್ಲ. 2024ರ ಡಿಸೆಂಬರ್ 4ರಂದು ಪರಖ್ ಹೆಸರಿನಲ್ಲಿ ನಡೆದದ್ದು 3, 6, 9ನೇ ತರಗತಿಗಳಿಗೆ. ತರಗತಿಗಳೇ ಬದಲಾದ ಮೇಲೆ ಮೂರೂ ಅಂಕಿಗಳನ್ನು ಒಂದೇ ಗೆರೆಯಲ್ಲಿ ಜೋಡಿಸಿ ಗ್ರಾಫ್ ಎಳೆಯುವುದು ತಪ್ಪು. ಅಸರ್ ಮನೆಮನೆಗೆ ಹೋಗಿ ಮಾಡುವ ಸಮೀಕ್ಷೆ. ಜಿಲ್ಲೆಗೆ 30 ಹಳ್ಳಿ, ಹಳ್ಳಿಗೆ 20 ಮನೆ. ನಿಮ್ಮ ಶಾಲೆಯ ಊರು ಅದರಲ್ಲಿ ಇರುವ ಸಾಧ್ಯತೆಯೇ ಕಡಿಮೆ.

ಆದರೆ ಅಸರ್‌ನ ವಿಧಾನವನ್ನು ಎರವಲು ಪಡೆಯಬಹುದು. ಒಂದೊಂದೇ ಮಗುವನ್ನು ಪಕ್ಕದಲ್ಲಿ ಕೂರಿಸಿ ಕೇಳುವುದು: ಅಂಕಿ ಗುರುತಿಸು, ಎರಡಂಕಿಯ ಕಳೆಯುವ ಲೆಕ್ಕ ಮಾಡು, ಮೂರಂಕಿಯನ್ನು ಒಂದಂಕಿಯಿಂದ ಭಾಗಿಸು. ಕೊಡಗಿನ ಸಣ್ಣ ಶಾಲೆಗಳಿಗೆ ಇದು ಹೇಳಿ ಮಾಡಿಸಿದ ಹಾಗಿದೆ. ತರಗತಿಯಲ್ಲಿ ಆರೇಳು ಮಕ್ಕಳಿದ್ದರೆ ಒಂದು ಬೆಳಗ್ಗೆ ಸಾಕು.

ಜೂನ್‌ನ ಸೇತುಬಂಧ (ಹಿಂದಿನ ತರಗತಿಯ ಪಾಠ ನೆನಪಿಸುವ) ಪರೀಕ್ಷೆಯಲ್ಲಿ ಸರಾಸರಿ 30 ಇತ್ತು, ವರ್ಷದ ಕೊನೆಗೆ 60 ಆಯಿತು. ದುಪ್ಪಟ್ಟು! ಇದು ನಮ್ಮ ಕೆಲಸದ ಫಲ ತಾನೇ?

ಸ್ವಲ್ಪ ಇರಬಹುದು. ಆದರೆ ಮಕ್ಕಳು ವರ್ಷದಲ್ಲಿ ಹೇಗೂ ಬೆಳೆಯುತ್ತಾರೆ. ಟೀಚರ್ ಪಾಠ ಮಾಡುತ್ತಲೇ ಇದ್ದರು, ನೀವು ಬಂದರೂ ಬಾರದಿದ್ದರೂ. ಜೂನ್‌ನ ಪ್ರಶ್ನೆಪತ್ರಿಕೆಗಿಂತ ಮಾರ್ಚ್‌ನದ್ದು ಸುಲಭ ಇದ್ದರೆ ಅದೂ ಲೆಕ್ಕಕ್ಕೆ ಸೇರಿತು. ಇನ್ನೊಂದು ಸೂಕ್ಷ್ಮ ಇದೆ. ತೀರಾ ಹಿಂದಿರುವ ಶಾಲೆಗಳನ್ನೇ ಆರಿಸಿಕೊಂಡು ಕಾರ್ಯಕ್ರಮ ಮಾಡಿದರೆ, ಏನೂ ಮಾಡದಿದ್ದರೂ ಮುಂದಿನ ಸಲ ಅವು ತುಸು ಮೇಲೆ ಬರುತ್ತವೆ. ಅಂದು ಜ್ವರ ಇದ್ದದ್ದು, ಟೀಚರ್ ಹೆರಿಗೆ ರಜೆಯಲ್ಲಿದ್ದದ್ದು, ಇಂಥ ಕೆಟ್ಟ ಗಳಿಗೆಗಳೂ ಸೇರಿಕೊಂಡು ಆ ಶಾಲೆ ತಳದಲ್ಲಿತ್ತು. ಎರಡನೇ ಸಲ ಅದೇ ಕೆಟ್ಟ ಗಳಿಗೆ ಬರುವುದಿಲ್ಲ.

ಅದಕ್ಕೇ ಹೋಲಿಕೆಗೆ ಬೇರೆ ಶಾಲೆಗಳು ಬೇಕು ಎನ್ನುವುದು.

ಹೋಲಿಕೆಗೆ ಶಾಲೆ ಎಲ್ಲಿ ಹುಡುಕುವುದು? ಕಾರ್ಯಕ್ರಮ ಕೊಡದೇ ಬರೀ ಪರೀಕ್ಷೆ ಮಾಡುತ್ತೇವೆ ಎಂದರೆ ಯಾರು ಒಪ್ಪುತ್ತಾರೆ?

ಮೊದಲು ಶಾಲೆ ಹುಡುಕುವ ಮಾತು. ಭಾಗಮಂಡಲದ ಕಡೆಯ ಶಾಲೆಯನ್ನು ಕುಶಾಲನಗರದ ಶಾಲೆಗೆ ಹೋಲಿಸಬೇಡಿ. ಮಳೆ ಬೇರೆ, ರಜೆ ಬೇರೆ, ಟ್ಯೂಷನ್ ಸಿಗುವುದು ಬೇರೆ. ಲೈನ್ ಮನೆ (ತೋಟದ ಕಾರ್ಮಿಕರ ಸಾಲುಮನೆ) ಮಕ್ಕಳು ಎಷ್ಟು, ಹಾಡಿಯಿಂದ (ಆದಿವಾಸಿ ವಸತಿಯಿಂದ) ಬರುವವರು ಎಷ್ಟು, ಟೀಚರ್ ಒಬ್ಬರೋ ಮೂವರೋ, ಕನ್ನಡ ಮಾಧ್ಯಮವೋ ದ್ವಿಭಾಷಾ ತರಗತಿಯೋ, ಇಷ್ಟು ಹೊಂದಬೇಕು. ಸಿಆರ್‌ಪಿಗಳಿಗೆ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳಿಗೆ) ಇದೆಲ್ಲ ಬಾಯಲ್ಲೇ ಇರುತ್ತದೆ. ಅವರ ಜೊತೆ ಒಂದು ಮಧ್ಯಾಹ್ನ ಕೂತರೆ ಯಾವ ದಾಖಲೆಯೂ ಕೊಡದ ಪಟ್ಟಿ ಸಿಗುತ್ತದೆ.

ಆದರೆ ಎಷ್ಟು ಹೊಂದಿಸಿದರೂ ಒಂದು ತೂತು ಉಳಿಯುತ್ತದೆ. ಕಾರ್ಯಕ್ರಮ ಬೇಕು ಎಂದು ಮುಂದೆ ಬರುವ ಶಾಲೆಯಲ್ಲಿ ಸಾಮಾನ್ಯವಾಗಿ ಹುರುಪಿನ ಮುಖ್ಯ ಶಿಕ್ಷಕರು ಇರುತ್ತಾರೆ. ಆ ಶಾಲೆ ಹೇಗೂ ಮುಂದೆ ಬರುತ್ತಿತ್ತು. ಕೀನ್ಯಾದಲ್ಲಿ ಇದು ಚೆನ್ನಾಗಿ ಬಯಲಾಯಿತು. ಮುಂದೆ 2019ರಲ್ಲಿ ನೊಬೆಲ್ ಹಂಚಿಕೊಂಡ ಮೈಕೆಲ್ ಕ್ರೇಮರ್ ಮತ್ತು ಸಂಗಡಿಗರು ಗೋಡೆಗೆ ತೂಗುಹಾಕುವ ಫ್ಲಿಪ್ ಚಾರ್ಟ್‌ಗಳ ಫಲ ನೋಡಿದರು. ವಿಜ್ಞಾನ, ಗಣಿತದ ಚಾರ್ಟ್‌ಗಳೂ ಅದರಲ್ಲಿದ್ದವು. ಮೊದಲೇ ಚಾರ್ಟ್ ಇದ್ದ ಶಾಲೆಗಳನ್ನು ಇಲ್ಲದ ಶಾಲೆಗಳಿಗೆ ಹೋಲಿಸಿದಾಗ ಚಾರ್ಟ್ ಇದ್ದವುಗಳ ಅಂಕ ಸಾಕಷ್ಟು ಮೇಲಿತ್ತು. ಆಮೇಲೆ 178 ಶಾಲೆಗಳಲ್ಲಿ ಅರ್ಧಕ್ಕೆ ಚೀಟಿ ಎತ್ತಿದ ಹಾಗೆ ಚಾರ್ಟ್ ಹಂಚಿ ನೋಡಿದರು. ವ್ಯತ್ಯಾಸ ಸೊನ್ನೆ. ಮೊದಲು ಕಂಡದ್ದು ಚಾರ್ಟ್ ಮಾಡಿದ ಕೆಲಸ ಆಗಿರಲಿಲ್ಲ, ಚಾರ್ಟ್ ತರಿಸಿಕೊಳ್ಳುವಂಥ ಶಾಲೆಗಳ ಗುಣ ಆಗಿತ್ತು.

ಒಪ್ಪಿಸುವುದಕ್ಕೂ ಚೀಟಿಯೇ ದಾರಿ. ಒಂದೇ ವರ್ಷದಲ್ಲಿ ಎಲ್ಲ ಶಾಲೆಗೂ ಹೋಗಲು ನಿಮ್ಮ ಬಳಿ ಹಣವೂ ಇಲ್ಲ, ಜನವೂ ಇಲ್ಲ. ಹಾಗಾಗಿ ಮುಖ್ಯ ಶಿಕ್ಷಕರ ಸಭೆಯಲ್ಲಿ ಎಲ್ಲರೆದುರು ಚೀಟಿ ಎತ್ತಿ. ಅರ್ಧ ಶಾಲೆಗೆ ಈ ವರ್ಷ, ಉಳಿದರ್ಧಕ್ಕೆ ಮುಂದಿನ ವರ್ಷ. ಮೊದಲ ವರ್ಷ ಕಾಯುವ ಶಾಲೆಗಳೇ ನಿಮ್ಮ ಹೋಲಿಕೆ. ಯಾರಿಗೂ ಕೊಡಲಿಲ್ಲ ಎಂಬ ದೂರಿಲ್ಲ. ಶಿಫಾರಸು ಮಾಡಿಸಿದವರಿಗೆ ಮೊದಲು ಸಿಕ್ಕಿತು ಎಂಬ ಗುಸುಗುಸು ಕೂಡ ಇಲ್ಲ. ಒಂದು ಮಾತು: ಚೀಟಿ ಎತ್ತಬೇಕಾದದ್ದು ಶಾಲೆಗಳ ಹೆಸರಿನಲ್ಲಿ, ಮಕ್ಕಳ ಹೆಸರಿನಲ್ಲಿ ಬೇಡ. ಒಂದೇ ಕೊಠಡಿಯಲ್ಲಿ ಇಬ್ಬರಿಗೆ ಕೊಟ್ಟು ಇಬ್ಬರಿಗೆ ಬಿಟ್ಟರೆ ಟೀಚರ್ ಕಲಿತದ್ದು ಎಲ್ಲರಿಗೂ ಹೋಗುತ್ತದೆ. ಹೋಗಲೂಬೇಕು.

ಎಷ್ಟು ಶಾಲೆ ಬೇಕು?

ಮಕ್ಕಳ ಸಂಖ್ಯೆಗಿಂತ ಶಾಲೆಗಳ ಸಂಖ್ಯೆ ಮುಖ್ಯ. ಎರಡು ದೊಡ್ಡ ಶಾಲೆಗಳ 300 ಮಕ್ಕಳಿಗಿಂತ 30 ಸಣ್ಣ ಶಾಲೆಗಳ 300 ಮಕ್ಕಳು ಎಷ್ಟೋ ವಾಸಿ. ಒಂದೇ ಟೀಚರ್ ಕೈಯಲ್ಲಿ ಕಲಿತವರು ಒಂದೇ ತರಹ ಏರುತ್ತಾರೆ, ಇಳಿಯುತ್ತಾರೆ. ನಾಲ್ಕೈದು ಶಾಲೆಯಷ್ಟೇ ಇದ್ದರೆ "ಫಲ ಸಾಬೀತಾಗಿದೆ" ಎಂದು ಬರೆಯಬೇಡಿ, ಏನು ಕಂಡಿತು ಎಂದಷ್ಟೇ ಬರೆಯಿರಿ.

ಪರೀಕ್ಷೆ ಯಾವಾಗ ಮಾಡುವುದು ಒಳ್ಳೆಯದು?

ಬೆಂಗಳೂರಿನಿಂದ ಬರುವ ಯೋಜನೆಗಳು ಎಡವುವುದು ಇಲ್ಲೇ. ಅವರ ಹಾಳೆಯಲ್ಲಿ ಆರಂಭದ ಪರೀಕ್ಷೆ ಜುಲೈನಲ್ಲಿ, ಕೊನೆಯದು ಫೆಬ್ರವರಿಯಲ್ಲಿ ಇರುತ್ತದೆ. ಕೊಡಗಿನ ಮಟ್ಟಿಗೆ ಎರಡೂ ಕೆಟ್ಟ ತಿಂಗಳುಗಳು.

ಜುಲೈ, ಆಗಸ್ಟ್‌ನಲ್ಲಿ ಡಿಸಿ ಆಫೀಸಿನಿಂದ ಯಾವ ರಾತ್ರಿ ಮಳೆ ರಜೆ ಘೋಷಣೆ ಆಗುತ್ತದೋ ಗೊತ್ತಿಲ್ಲ. ರಜೆ ಇಲ್ಲದ ದಿನವೂ ತೋಡು ದಾಟಿ ಬರುವ ಮಕ್ಕಳು ಬರುವುದಿಲ್ಲ. ಬಂದವರು ಒದ್ದೆಯಾಗಿ ನಡುಗುತ್ತಿರುತ್ತಾರೆ. ಹಂಚಿನ ಮೇಲೆ ಬೀಳುವ ಮಳೆ ಸದ್ದಿಗೆ ಪ್ರಶ್ನೆ ಓದಿ ಹೇಳಿದ್ದೂ ಕೇಳಿಸುವುದಿಲ್ಲ. ಪ್ರವಾಹ, ಭೂಕುಸಿತದ 2018 ಮತ್ತು 2019ರ ಆಗಸ್ಟ್‌ಗಳಂತೂ ಪಾಠದ ಮಾತನ್ನೇ ಬದಿಗೆ ಸರಿಸಿದ್ದವು. ಸೆಪ್ಟೆಂಬರ್‌ನಲ್ಲಿ ಕೈಲ್‌ಪೊಳ್ದ್ ಹಬ್ಬ, ಅಕ್ಟೋಬರ್‌ನಲ್ಲಿ ದಸರಾ ರಜೆ, ಕಾವೇರಿ ತೀರ್ಥೋದ್ಭವ. ಆಮೇಲೆ ಪುತ್ತರಿ ಹಬ್ಬ. ಅರೇಬಿಕಾ ಕುಯ್ಲು ನವೆಂಬರ್ ಹೊತ್ತಿಗೆ ಶುರುವಾಗಿರುತ್ತದೆ, ಜನವರಿಯಿಂದ ರೋಬಸ್ಟಾ. ಆಗ ಕೆಲಸಕ್ಕೆ ಹೊರಗಿನಿಂದ ಕುಟುಂಬಗಳು ಬರುತ್ತವೆ, ಇಲ್ಲಿನ ಕುಟುಂಬಗಳು ಒಂದು ತೋಟದಿಂದ ಇನ್ನೊಂದಕ್ಕೆ ಹೋಗುತ್ತವೆ. ಹಾಜರಿ ಪುಸ್ತಕದಲ್ಲಿ ಹೆಸರು ಹಾಗೇ ಇರುತ್ತದೆ. ಬೆಂಚಿನಲ್ಲಿ ಬೇರೆ ಮಗು ಕೂತಿರುತ್ತದೆ.

ನನ್ನ ಸಲಹೆ: ಆರಂಭದ ಪರೀಕ್ಷೆ ಜೂನ್‌ನಲ್ಲಿ, ಸೇತುಬಂಧದ ಬೆನ್ನಲ್ಲೇ. ಕೊನೆಯದು ಡಿಸೆಂಬರ್ ಮೊದಲರ್ಧದಲ್ಲಿ, ಪುತ್ತರಿಯ ದಿನ ನೋಡಿಕೊಂಡು. ಸಾಧ್ಯವಾದರೆ ಮುಂದಿನ ಜೂನ್‌ನಲ್ಲಿ ಅದೇ ಮಕ್ಕಳಿಗೆ ಮತ್ತೊಂದು ಸಣ್ಣ ಪರೀಕ್ಷೆ. ಡಿಸೆಂಬರ್‌ನಲ್ಲಿ ಬಂದ ಭಾಗಾಕಾರ ಬೇಸಿಗೆ ಕಳೆದ ಮೇಲೂ ಉಳಿದಿದೆಯಾ ಎಂದು ನೋಡದೆ "ಕಲಿತರು" ಎಂದು ಬರೆಯಲು ನನಗೆ ಮನಸ್ಸು ಬರುವುದಿಲ್ಲ.

ಕೊನೆಯ ಪರೀಕ್ಷೆಯ ದಿನ ಕೆಲವು ಮಕ್ಕಳು ಬಂದಿರಲಿಲ್ಲ. ಬಂದವರ ಸರಾಸರಿ ತೆಗೆದರೆ ಆಯಿತಲ್ಲ?

ಆಗಲಿಲ್ಲ. ಈ ಪುಟದಲ್ಲಿ ಒಂದೇ ಉತ್ತರ ಓದುವಷ್ಟು ಸಮಯ ಇದ್ದರೆ ಇದನ್ನೇ ಓದಿ.

ಒಂದು ಲೆಕ್ಕ ಮಾಡೋಣ. ಜೂನ್‌ನಲ್ಲಿ 40 ಮಕ್ಕಳು 20 ಅಂಕದ ಪರೀಕ್ಷೆ ಬರೆದರು. ಸರಾಸರಿ 9. ಫೆಬ್ರವರಿಯಲ್ಲಿ 30 ಮಕ್ಕಳು ಸಿಕ್ಕಿದರು. ಸರಾಸರಿ 12. ವರದಿಯಲ್ಲಿ "3 ಅಂಕ ಏರಿಕೆ" ಎಂದು ಬರುತ್ತದೆ. ಈಗ ಬಾರದ 10 ಮಕ್ಕಳ ಜೂನ್ ಅಂಕ ತೆಗೆದು ನೋಡಿ. ಅವರ ಸರಾಸರಿ 3 ಇತ್ತು ಎಂದುಕೊಳ್ಳಿ. 40 ಮಕ್ಕಳ ಒಟ್ಟು ಅಂಕ 360, ಅದರಲ್ಲಿ ಈ ಹತ್ತು ಜನರದ್ದು 30. ಉಳಿದ 30 ಮಕ್ಕಳದ್ದು 330. ಅಂದರೆ ಫೆಬ್ರವರಿಗೆ ಬಂದ ಮಕ್ಕಳ ಸರಾಸರಿ ಜೂನ್‌ನಲ್ಲೇ 11 ಇತ್ತು. ನಿಜವಾದ ಏರಿಕೆ 1 ಅಂಕ. ಮಿಕ್ಕ 2 ಅಂಕ, ಹಿಂದಿದ್ದ ಮಕ್ಕಳು ಕಣ್ಮರೆಯಾದದ್ದರ ಲಾಭ.

ಕಣ್ಮರೆಯಾದವರು ಯಾರು ಎಂದು ಕೇಳಿದರೆ ಉತ್ತರ ಹೆಚ್ಚಾಗಿ ಒಂದೇ ಕಡೆಗೆ ಬೊಟ್ಟು ಮಾಡುತ್ತದೆ: ಲೈನ್ ಮನೆ, ಹಾಡಿ. ಯಾರಿಗೋಸ್ಕರ ಕಾರ್ಯಕ್ರಮ ಎಂದು ಅರ್ಜಿಯಲ್ಲಿ ಬರೆದಿತ್ತೋ ಅವರೇ ಲೆಕ್ಕದಿಂದ ಹೊರಗೆ. ಕೆಲವು ಕಡೆ ಇನ್ನೊಂದು ಪದ್ಧತಿಯೂ ಇದೆ. ಹೊರಗಿನವರು ಪರೀಕ್ಷೆ ಮಾಡಲು ಬರುತ್ತಾರೆ ಎಂದು ಗೊತ್ತಾದರೆ "ನಾಳೆ ನೀನು ಬರಬೇಡ" ಎಂದು ಒಂದಿಬ್ಬರಿಗೆ ಹೇಳಿಬಿಡುವುದು. ಅದು ಶಾಲೆಯ ಮಾನದ ಪ್ರಶ್ನೆ ಎಂದು ತಿಳಿದು ಮಾಡುತ್ತಾರೆ, ಕೆಟ್ಟ ಬುದ್ಧಿಯಿಂದ ಅಲ್ಲ. ಆದರೂ ಲೆಕ್ಕ ಕೆಡುತ್ತದೆ.

ಮಾಡಬೇಕಾದದ್ದು ಹೀಗೆ. ಜೂನ್‌ನಲ್ಲಿ ಪ್ರತಿ ಮಗುವಿನ ಹೆಸರಿನ ಜೊತೆ ಎಸ್‌ಎಟಿಎಸ್ ನಂಬರ್ (ಇಲಾಖೆಯ ವಿದ್ಯಾರ್ಥಿ ಗುರುತಿನ ಸಂಖ್ಯೆ) ಬರೆದುಕೊಳ್ಳಿ. ಅಡ್ಡಹೆಸರು, ತೋಟದ ಹೆಸರು, ಯಾರ ಮನೆ ಮಗು ಎನ್ನುವುದನ್ನೂ ಬರೆಯಿರಿ. ಹಾಜರಿಯ ಹೆಸರಿಗೂ ಕರೆಯುವ ಹೆಸರಿಗೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಕೊನೆಯ ಪರೀಕ್ಷೆಗೆ ಬಾರದವರಿಗೆ ಇನ್ನೊಂದು ದಿನ ಇಟ್ಟುಕೊಳ್ಳಿ. ಆಗಲೂ ಬಾರದಿದ್ದರೆ ಸಂಜೆ ಲೈನ್ ಮನೆಗೆ ಹೋಗಿ ಜಗಲಿಯಲ್ಲೇ ಕೂತು ಕೇಳಿ. ತೋಟದ ರೈಟರ್‌ಗೆ (ಕೂಲಿ ಲೆಕ್ಕ ಬರೆಯುವವರಿಗೆ) ಮೊದಲೇ ಒಂದು ಮಾತು ಹೇಳಿದರೆ ಯಾರು ಯಾವ ತೋಟಕ್ಕೆ ಹೋದರು ಎಂದು ಅವರೇ ತಿಳಿಸುತ್ತಾರೆ. ಇದಕ್ಕೆ ಜೀಪಿನ ಖರ್ಚು ಬರುತ್ತದೆ. ಬಜೆಟ್‌ನಲ್ಲಿ ಮೊದಲೇ ಇಡಿ, ಬೇಕಾದರೆ ಬ್ಯಾನರ್‌ನ ಹಣ ಉಳಿಸಿ ಇಡಿ. ಇಷ್ಟಾದ ಮೇಲೂ ಸಿಗದವರ ಸಂಖ್ಯೆ ಮತ್ತು ಅವರ ಜೂನ್ ಅಂಕ ವರದಿಯ ಮೊದಲ ಪುಟದಲ್ಲಿ ಬರಲಿ. ಹೋಲಿಕೆ ಶಾಲೆಗಳಲ್ಲೂ ಇದೇ ಕೆಲಸ ಅಷ್ಟೇ ಶ್ರದ್ಧೆಯಿಂದ ಆಗಬೇಕು.

ಯರವ, ಜೇನುಕುರುಬ ಮಕ್ಕಳಿಗೆ ಕನ್ನಡದ ಪ್ರಶ್ನೆಯೇ ಅರ್ಥವಾಗುವುದಿಲ್ಲ. ಅವರ ಗಣಿತ ಅಳೆಯುವುದು ಹೇಗೆ?

ಒಂದೇ ಲೆಕ್ಕವನ್ನು ಎರಡು ರೀತಿ ಕೇಳಿ. ಮೊದಲು ಬರೀ ಅಂಕಿಯಲ್ಲಿ: 43 ಕಳೆ 17. ಇನ್ನೊಂದು ಸಲ ವಾಕ್ಯದಲ್ಲಿ, ನೀವೇ ಓದಿ ಹೇಳಿ. ಅಂಕಿಯಲ್ಲಿ ಸರಿ ಮಾಡಿ ವಾಕ್ಯದಲ್ಲಿ ತಪ್ಪಿದರೆ ತೊಡಕು ಭಾಷೆಯದ್ದು. ಮನೆಯಲ್ಲಿ ಯರವ, ಕೊಡವ ತಕ್ಕ್, ಅರೆಭಾಷೆ, ಮಲಯಾಳಂ ಮಾತಾಡುವ ಮಕ್ಕಳೆಲ್ಲ ಒಂದೇ ಬೆಂಚಿನಲ್ಲಿರುವ ಜಿಲ್ಲೆ ಇದು. ಈಚೆಗೆ ಅಸ್ಸಾಂನಿಂದ ಬಂದವರ ಮಕ್ಕಳೂ ಇದ್ದಾರೆ. ಹಾಡಿಯ ಹಿರಿಯ ಹುಡುಗಿಯೊಬ್ಬಳು ಪಕ್ಕದಲ್ಲಿದ್ದು ಪ್ರಶ್ನೆಯನ್ನು ಅವರ ಮಾತಿನಲ್ಲಿ ಹೇಳಿದರೆ ಮಗುವಿನ ಮುಖವೇ ಬೇರೆಯಾಗುತ್ತದೆ. ಉತ್ತರ ಹೇಳಿಕೊಡದಂತೆ ನೋಡಿಕೊಳ್ಳಬೇಕು, ಅಷ್ಟೇ.

ಇದರ ಇನ್ನೊಂದು ಮಗ್ಗುಲನ್ನೂ ನೋಡಿ. 2025ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತಿತರರ ಅಧ್ಯಯನ ಬಂತು. ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳು ಗಿರಾಕಿಗೆ ಚಿಲ್ಲರೆ ಲೆಕ್ಕವನ್ನು ಮನಸ್ಸಿನಲ್ಲೇ ಸರಿಯಾಗಿ ಮಾಡುತ್ತಿದ್ದರು. ಶಾಲೆಯ ಮಾದರಿಯ ಲೆಕ್ಕದಲ್ಲಿ ಎಡವುತ್ತಿದ್ದರು. ಬರೀ ಶಾಲೆಗೆ ಹೋಗುವ ಮಕ್ಕಳದ್ದು ಉಲ್ಟಾ. ನಮ್ಮಲ್ಲೂ ಸಂಜೆ ಕಾಫಿ ಹಣ್ಣು ತೂಕ ಹಾಕಿಸುವಾಗ ಅಮ್ಮನ ಪಕ್ಕ ನಿಂತು ಕಿಲೋಗೆ ಇಷ್ಟು ಎಂದು ಕೂಲಿ ಲೆಕ್ಕ ನೋಡುವ ಮಕ್ಕಳಿದ್ದಾರೆ. ಆ ಲೆಕ್ಕವೂ ಪರೀಕ್ಷೆಯಲ್ಲಿ ಒಂದೆರಡು ಇರಲಿ. ಟೀಚರ್ ಎಲ್ಲಿಂದ ಶುರು ಮಾಡಬಹುದು ಎಂದು ಅದರಿಂದ ತಿಳಿಯುತ್ತದೆ.

ಒಳ್ಳೆಯ ಪ್ರಶ್ನೆ ಹೇಗಿರುತ್ತದೆ? ಒಂದು ಉದಾಹರಣೆ ಕೊಡಿ.

ತಪ್ಪು ಉತ್ತರದಿಂದಲೂ ಏನೋ ತಿಳಿಯಬೇಕು. 43 ಕಳೆ 17 ಎಂದೆನಲ್ಲ, ಸರಿ ಉತ್ತರ 26. ಒಂದು ಮಗು 34 ಬರೆಯಿತು. ಅದು 7ರಲ್ಲಿ 3 ಕಳೆದಿದೆ. ದೊಡ್ಡದರಿಂದ ಚಿಕ್ಕದನ್ನು ಕಳೆಯಬೇಕು ಎಂದು ಯಾರೋ ಹೇಳಿಕೊಟ್ಟದ್ದನ್ನು ನಂಬಿಕೊಂಡಿದೆ. ಇನ್ನೊಂದು ಮಗು 36 ಬರೆಯಿತು. ಅದು ಹತ್ತನ್ನು ಸಾಲ ತಂದಿತು, 13ರಲ್ಲಿ 7 ಕಳೆಯಿತು, ಆದರೆ 4 ಈಗ 3 ಆಗಿದೆ ಎನ್ನುವುದನ್ನು ಮರೆಯಿತು. ಮೊದಲ ಮಗುವಿಗೆ ಹತ್ತು, ಬಿಡಿಯಿಂದಲೇ ಶುರು ಮಾಡಬೇಕು. ಎರಡನೆಯದಕ್ಕೆ ಹತ್ತು ನಿಮಿಷ ಸಾಕು. ಇಬ್ಬರಿಗೂ ಸೊನ್ನೆ ಹಾಕಿ ಸರಾಸರಿ ತೆಗೆದರೆ ಈ ವ್ಯತ್ಯಾಸವೇ ಕಾಣುವುದಿಲ್ಲ. ಕಾರ್ಯಕ್ರಮ ನಡೆದ ಶಾಲೆಗಳಲ್ಲಿ 34 ಬರೆಯುವವರು ಕಡಿಮೆಯಾಗಿ 36 ಬರೆಯುವವರು ಜಾಸ್ತಿಯಾಗಿದ್ದರೆ, ಅಂಕ ಏರದಿದ್ದರೂ ಅಲ್ಲಿ ಏನೋ ನಡೆದಿದೆ.

ವಿಜ್ಞಾನದಲ್ಲಿ "ವ್ಯಾಖ್ಯಾನಿಸಿ" ಎಂಬ ಪ್ರಶ್ನೆಗಳನ್ನು ಬಿಟ್ಟುಬಿಡಿ. ಅವು ಬಾಯಿಪಾಠವನ್ನು ಅಳೆಯುತ್ತವೆ. ಕೊಡಗಿನಲ್ಲಿ ಕೈಗೆ ಸಿಗುವುದು ಮಳೆಮಾಪಕ. ತೋಟದ ಮನೆಗಳಲ್ಲಿ ದಿನಾ ಬೆಳಗ್ಗೆ ಅಳೆದು ಬರೆದಿಡುತ್ತಾರೆ, ಇಂಚು ಮತ್ತು ಸೆಂಟ್‌ನಲ್ಲಿ. ಇಂಚಿನ ನೂರನೇ ಒಂದು ಭಾಗ ಒಂದು ಸೆಂಟ್. ಒಂದು ಪ್ರಶ್ನೆ: ನೇರ ಗೋಡೆಯ ಎರಡು ಡಬ್ಬಿ, ಒಂದರ ಬಾಯಿ ಅಗಲ, ಇನ್ನೊಂದರದ್ದು ಕಿರಿದು. ರಾತ್ರಿಯಿಡೀ ಒಂದೇ ಅಂಗಳದಲ್ಲಿ ಇಟ್ಟರೆ ನೀರಿನ ಎತ್ತರ ಯಾವುದರಲ್ಲಿ ಜಾಸ್ತಿ? ಎರಡರಲ್ಲೂ ಒಂದೇ. ಅಗಲದ ಡಬ್ಬಿಯಲ್ಲಿ ಜಾಸ್ತಿ ಎನ್ನುವ ಮಕ್ಕಳು ನೀರಿನ ಪ್ರಮಾಣವನ್ನೂ ಎತ್ತರವನ್ನೂ ಒಂದೇ ಎಂದುಕೊಂಡಿರುತ್ತಾರೆ. ದೊಡ್ಡವರಲ್ಲೂ ಕೆಲವರು ಹಾಗೇ ಹೇಳುತ್ತಾರೆ, ಕೇಳಿ ನೋಡಿ. ಇನ್ನೊಂದು ಪ್ರಶ್ನೆ: ಸೋಮವಾರ 2 ಇಂಚು 4 ಸೆಂಟ್, ಮಂಗಳವಾರ 2 ಇಂಚು 35 ಸೆಂಟ್. ಇವನ್ನು ದಶಮಾಂಶದಲ್ಲಿ ಬರೆ, ಯಾವ ದಿನ ಮಳೆ ಜಾಸ್ತಿ ಹೇಳು. 2.04ರ ಬದಲು 2.4 ಎಂದು ಬರೆದ ಮಗು, ಅಂಕಿ ನೋಡಿ ಸೋಮವಾರ ಎಂದು ಹೇಳಿದರೆ ದಶಮಾಂಶದ ಸ್ಥಾನಬೆಲೆ ಗೊತ್ತಿಲ್ಲ. 2.4 ಎಂದೇ ಬರೆದು ಮಂಗಳವಾರ ಎಂದರೆ ಮಳೆ ಗೊತ್ತಿದೆ, ಬರೆಯುವುದು ಗೊತ್ತಿಲ್ಲ. ಆ ಮಗುವಿಗೆ ಅರ್ಧ ಪಾಠ ಅಜ್ಜನೇ ಮಾಡಿ ಮುಗಿಸಿರುತ್ತಾರೆ.

ತರಗತಿಯಲ್ಲಿ ಕೂತು ನೋಡಬೇಕಾ? ಟೀಚರುಗಳು ಇನ್‌ಸ್ಪೆಕ್ಷನ್ ಎಂದು ಗಾಬರಿಯಾಗುತ್ತಾರೆ.

ನೋಡಬೇಕು, ಹೇಳಿ ಹೋಗಬೇಕು, ಒಂದೇ ಸಲ ನೋಡಿ ತೀರ್ಮಾನಿಸಬಾರದು. ಪಾಠ ಚೆನ್ನಾಗಿತ್ತಾ ಎಂದು ಐದರಲ್ಲಿ ಅಂಕ ಹಾಕುವ ಫಾರಂಗಳು ನನಗೆ ಹಿಡಿಸುವುದಿಲ್ಲ. ಎಣಿಸಬಹುದಾದದ್ದನ್ನು ಎಣಿಸಿ. ಪ್ರಯೋಗದ ಸಾಮಾನು ಯಾರ ಕೈಯಲ್ಲಿತ್ತು? ಸೆಲ್, ವೈರ್, ಬಲ್ಬ್ ತಂದು ಟೀಚರ್ ತಾವೇ ಹಚ್ಚಿ ತೋರಿಸಿದರಾ, ಮಕ್ಕಳು ಹಚ್ಚಿದರಾ? ಬಲ್ಬ್ ಉರಿಯದಿದ್ದಾಗ ಏನಾಯಿತು? ತಪ್ಪು ಉತ್ತರ ಬಂದಾಗ "ಬೇರೆ ಯಾರು ಹೇಳುತ್ತೀರಿ?" ಎಂದು ಮುಂದೆ ಹೋದರಾ, "ಹೇಗೆ ಬಂತು ಹೇಳು" ಎಂದು ಕೇಳಿದರಾ? ಹಿಂದಿನ ಬೆಂಚಿನವರಲ್ಲಿ ಎಷ್ಟು ಜನ ಬಾಯಿ ಬಿಟ್ಟರು?

ಟೀಚರ್ ಹೆಸರಿರುವ ಯಾವ ಟಿಪ್ಪಣಿಯೂ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಆಫೀಸಿಗೆ ಹೋಗುವುದಿಲ್ಲ ಎಂದು ಮೊದಲೇ ಮಾತು ಕೊಡಿ. ಹಾಗೇ ನಡೆದುಕೊಳ್ಳಿ. ಒಂದು ಸಲ ಮಾತು ತಪ್ಪಿದರೆ ಆ ಕ್ಲಸ್ಟರ್‌ನಲ್ಲಿ ಮತ್ತೆ ಯಾರೂ ನಿಮ್ಮ ಎದುರು ಸಹಜವಾಗಿ ಪಾಠ ಮಾಡುವುದಿಲ್ಲ.

ಶಿಕ್ಷಕರಿಗೂ ಪರೀಕ್ಷೆ ಇಡಬಹುದಾ?

ಇಡಬೇಡಿ. ಮಕ್ಕಳ ತಪ್ಪು ಉತ್ತರಗಳ ಹಾಳೆ ಕೊಟ್ಟು "ಈ ಮಗು ಹೀಗೆ ಯಾಕೆ ಮಾಡಿರಬಹುದು? ನೀವಾದರೆ ಏನು ಮಾಡುತ್ತೀರಿ?" ಎಂದು ಕೇಳಿ. ಬೇಕಾದದ್ದೆಲ್ಲ ಅದರಲ್ಲೇ ಸಿಗುತ್ತದೆ, ಯಾರಿಗೂ ಅವಮಾನ ಆಗುವುದಿಲ್ಲ.

ಟ್ಯಾಬ್, ಸ್ಮಾರ್ಟ್ ಟಿವಿ ಕೊಟ್ಟರೆ ಫಲ ಇದೆ ಎನ್ನುತ್ತಾರಲ್ಲ?

ಕೆಲವು ಕಡೆ ಇದೆ. ವಡೋದರಾದಲ್ಲಿ ಕಂಪ್ಯೂಟರ್‌ನಲ್ಲಿ ಗಣಿತದ ಆಟ ಆಡಿಸಿದ ಕಾರ್ಯಕ್ರಮದ ಎರಡನೇ ವರ್ಷದಲ್ಲಿ ಗಣಿತದ ಅಂಕ 0.47 ಸ್ಟ್ಯಾಂಡರ್ಡ್ ಡೀವಿಯೇಶನ್ (ಮಕ್ಕಳ ಅಂಕಗಳು ಎಷ್ಟು ಹರಡಿವೆ ಎನ್ನುವುದರ ಅಳತೆ) ಏರಿತ್ತು. ದೆಹಲಿಯಲ್ಲಿ ಶಾಲೆಯ ನಂತರ ಮೈಂಡ್‌ಸ್ಪಾರ್ಕ್ ಎಂಬ ಕಲಿಕಾ ತಂತ್ರಾಂಶ ಬಳಸಿದ ಮಕ್ಕಳಿಗೆ ನಾಲ್ಕೂವರೆ ತಿಂಗಳಲ್ಲಿ ಗಣಿತದಲ್ಲಿ 0.37. ಎರಡರಲ್ಲೂ ಮಗು ಎಲ್ಲಿದೆಯೋ ಅಲ್ಲಿಂದ ಲೆಕ್ಕ ಶುರುವಾಗುತ್ತಿತ್ತು. ಪುಸ್ತಕದ ಪುಟವನ್ನೇ ಟಿವಿಯಲ್ಲಿ ದೊಡ್ಡದಾಗಿ ತೋರಿಸುವುದು ಬೇರೆ ವಿಷಯ. ಕೊಡಗಿನಲ್ಲಿ ಮಳೆಗಾಲದಲ್ಲಿ ಕರೆಂಟ್ ಎಷ್ಟು ಹೊತ್ತು ಇರುತ್ತದೆ ಎಂದು ನಿಮಗೇ ಗೊತ್ತು. ಹಾಗಾಗಿ ನಿಜವಾಗಿ ಎಷ್ಟು ಗಂಟೆ ಓಡಿತು ಎಂಬ ಲೆಕ್ಕ ಮೊದಲು ಇಡಿ.

0.37 ಎಂದರೆ ಜಾಸ್ತಿಯಾ ಕಡಿಮೆಯಾ?

ನೂರು ಮಕ್ಕಳನ್ನು ಅಂಕದ ಪ್ರಕಾರ ಕೆಳಗಿನಿಂದ ಮೇಲಕ್ಕೆ ಸಾಲಾಗಿ ನಿಲ್ಲಿಸಿ. ಸರಿಯಾಗಿ ನಡುವೆ ಇರುವ ಮಗು ಹೆಚ್ಚುಕಮ್ಮಿ 64ನೇ ಜಾಗಕ್ಕೆ ಬಂದರೆ ಅದು 0.37. ಶಾಲಾ ಕಾರ್ಯಕ್ರಮಗಳ ಮಟ್ಟಿಗೆ ಒಳ್ಳೆಯದೇ.

ಒಂದು ದಿನದ ವಿಜ್ಞಾನ ಮೇಳ, ಮೊಬೈಲ್ ಲ್ಯಾಬ್ ಭೇಟಿ ಇವನ್ನೂ ಹೀಗೇ ಅಳೆಯಬೇಕಾ?

ಬೇಡ. ಒಂದು ದಿನದ ಮೇಳದಿಂದ ಅಂಕ ಏರಲಿ ಎಂದು ಬಯಸುವುದೇ ಅನ್ಯಾಯ. ಎರಡು ವಾರ ಬಿಟ್ಟು ಹೋಗಿ, ಮಕ್ಕಳು ಅದನ್ನು ಮನೆಯಲ್ಲಿ ಮಾಡಿ ನೋಡಿದರಾ, ಟೀಚರ್ ಪಾಠಕ್ಕೆ ತಂದರಾ ಎಂದು ಕೇಳಿ. ಸಾಕು.

ಒಪ್ಪಿಗೆ, ಫೋಟೋ ವಿಷಯ?

ಡಿಡಿಪಿಐ (ಜಿಲ್ಲೆಯ ಶಿಕ್ಷಣ ಉಪನಿರ್ದೇಶಕರು) ಅಥವಾ ಬಿಇಒ ಅನುಮತಿ ಪತ್ರ ಬೇಕು. ತಂದೆ ತಾಯಿಯ ಒಪ್ಪಿಗೆ ಬೇಕು, ಲೈನ್ ಮನೆಯವರದ್ದೂ ಸೇರಿ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಕಾನೂನು 18 ವರ್ಷದೊಳಗಿನವರನ್ನೆಲ್ಲ ಮಕ್ಕಳೆಂದೇ ನೋಡುತ್ತದೆ. ಅಂಕಪಟ್ಟಿಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹಾಕುವ ಅಭ್ಯಾಸ ಮೊದಲು ನಿಲ್ಲಬೇಕು.

ಅಳೆಯುವ ಕೆಲಸ ಯಾರು ಮಾಡಬೇಕು?

ಪಾಠ ಹೇಳಿದವರು, ಕಿಟ್ ಕೊಟ್ಟವರು ಮಾಡಬಾರದು. ಕೂಡಿಗೆಯ ಡಯಟ್‌ನವರನ್ನು (ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯವರನ್ನು) ಕೇಳಿ ನೋಡಿ. ಬಿ.ಎಡ್, ಡಿ.ಎಡ್ ವಿದ್ಯಾರ್ಥಿಗಳಿಗೆ ಎರಡು ದಿನ ತರಬೇತಿ ಕೊಟ್ಟರೆ ಒಂದೊಂದೇ ಮಗುವನ್ನು ಕೂರಿಸಿ ಕೇಳುವುದು ಚೆನ್ನಾಗಿ ಬರುತ್ತದೆ. ಯಾವುದು ಕಾರ್ಯಕ್ರಮದ ಶಾಲೆ, ಯಾವುದು ಹೋಲಿಕೆಯ ಶಾಲೆ ಎಂದು ಅವರಿಗೆ ಹೇಳದಿದ್ದರೆ ಇನ್ನೂ ಒಳ್ಳೆಯದು. ಊರು ಸಣ್ಣದು, ಗೊತ್ತಾಗಿಬಿಡುತ್ತದೆ. ಆದರೂ ನೀವಾಗಿ ಹೇಳಬೇಡಿ.

ಎಲ್ಲ ಮಾಡಿಯೂ ಫಲ ಸೊನ್ನೆ ಬಂದರೆ ದಾನಿಗಳಿಗೆ ಏನು ಹೇಳುವುದು? ಮುಂದಿನ ವರ್ಷ ಹಣ ನಿಂತುಹೋದರೆ?

ಸೊನ್ನೆ ಎಂದೇ ಹೇಳುವುದು. ಆದರೆ ಯಾವ ಸೊನ್ನೆ ಎಂದು ಬಿಡಿಸಿ ಹೇಳಬೇಕು. ಕಿಟ್ಟು ಬೀರು ಬಿಟ್ಟು ಹೊರಗೇ ಬರಲಿಲ್ಲ ಎಂದಾದರೆ ಕಿಟ್ಟಿನ ಬಗ್ಗೆ ನಿಮಗೆ ಇನ್ನೂ ಏನೂ ಗೊತ್ತಾಗಿಲ್ಲ. ಬಳಸಿದರು, ಆದರೆ ಮಕ್ಕಳು ಅಲ್ಲೇ ಇದ್ದಾರೆ ಎಂದಾದರೆ ಕಿಟ್ಟು ಅಥವಾ ತರಬೇತಿ ಬದಲಾಗಬೇಕು. ಶಾಲೆಗಳು ತೀರಾ ಕಡಿಮೆ ಇದ್ದು ಏನೂ ಕಾಣಲಿಲ್ಲ ಎಂದಾದರೆ, ಸಣ್ಣ ಫಲ ಇದ್ದರೂ ನಿಮ್ಮ ಲೆಕ್ಕಕ್ಕೆ ಸಿಕ್ಕಿರಲಾರದು. ಮೂರಕ್ಕೂ ಮುಂದಿನ ವರ್ಷದ ಕೆಲಸ ಬೇರೆ ಬೇರೆ.

ನಮ್ಮ ಕಾಫಿ ಬೆಳೆಗಾರರಿಗೆ ಇದನ್ನು ಹೇಳುವುದು ನೀವು ಅಂದುಕೊಂಡಷ್ಟು ಕಷ್ಟವಲ್ಲ. ಕಾಫಿ ಹೂ ಅರಳಿಸುವ ಹೂ ಮಳೆ ಕೈಕೊಟ್ಟ ವರ್ಷ ಅವರು ನೋಡಿದ್ದಾರೆ. ಅವರಿಗೆ ಸಿಟ್ಟು ಬರುವುದು ಹೊಳೆಯುವ ಫೋಟೋಗಳ ವರದಿ ಕೊಟ್ಟು, ಮೂರು ವರ್ಷವಾದ ಮೇಲೆ ತಮ್ಮದೇ ತೋಟದ ಲೈನ್ ಮನೆ ಹುಡುಗ ಚೀಲದ ಮೇಲಿನ ತೂಕ ಓದಲಾರದೆ ನಿಂತಾಗ.

ಶಾಲೆಗೆ ನಾವು ಏನು ವಾಪಸ್ ಕೊಡಬೇಕು?

ಎರಡು ಪುಟ, ಕನ್ನಡದಲ್ಲಿ, ಪರೀಕ್ಷೆಯಾದ ಒಂದು ತಿಂಗಳೊಳಗೆ. ಯಾವ ಲೆಕ್ಕದಲ್ಲಿ ಎಷ್ಟು ಮಕ್ಕಳು ಯಾವ ತರಹದ ತಪ್ಪು ಮಾಡಿದರು, ಯಾರು ಪರೀಕ್ಷೆಗೆ ಸಿಗಲಿಲ್ಲ ಎನ್ನುವುದು ಅದರಲ್ಲಿರಲಿ. ಹೋಲಿಕೆಯ ಶಾಲೆಗಳಿಗೂ ಕೊಡಿ, ಅವರ ಮಕ್ಕಳೂ ಎರಡು ಸಲ ಕೂತು ಬರೆದಿದ್ದಾರೆ. ಪಿಡಿಎಫ್ ಕಳಿಸಿ ಸುಮ್ನೆ ಕೂರಬೇಡಿ, ಪ್ರಿಂಟ್ ತೆಗೆದುಕೊಂಡು ಹೋಗಿ ಟೀಚರ್ ಜೊತೆ ಅರ್ಧ ಗಂಟೆ ಕೂತು ಓದಿ. ಜನವರಿಗೆ ಮುಂಚೆ ಹೋದರೆ ಒಳ್ಳೆಯದು, ಪಟ್ಟಿಯಲ್ಲಿರುವ ಮಕ್ಕಳು ಇನ್ನೂ ಅಲ್ಲೇ ಇರುತ್ತಾರೆ.